ತಲಪಾಡಿ ದಾಟದ ನಿಮ್ಮ ವಾರಂಟಿ ಮತ್ತು ಯಾರಿಗೂ ಗೊತ್ತಿಲ್ಲದ ಬಯೋಸ್ ಪಾಸ್‌ವರ್ಡ್

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮಿಂದ ಕೊಂಡ ರೀಫರ್ಬಿಶ್ಡ್ ವರ್ಕ್‌ಸ್ಟೇಷನ್‌ನಲ್ಲಿ ವರ್ಚುವಲ್ ಮಷೀನ್ ನಡೆಯದಿರುವ ಬಗ್ಗೆ

ಮಾನ್ಯರೇ,

ನಿನ್ನೆ ರಾತ್ರಿ ಒಂಬತ್ತೂವರೆಗೆ ನಿಮ್ಮಿಂದ ಒಂದು ಮೆಸೇಜ್ ಬಂತು. ‘ನಿಮ್ಮ ಸಮಸ್ಯೆ ಬಗೆಹರಿದಿದೆ. ನಮ್ಮ ಸೇವೆಗೆ 5ರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ?’ ಊಟದ ತಟ್ಟೆ ಮುಂದಿತ್ತು. ಎರಡು ಸಲ ಓದಿದೆ. ಇಷ್ಟು ದಿನ ಫೋನಿನಲ್ಲಿ ಸಮಾಧಾನವಾಗಿಯೇ ಮಾತಾಡಿದ್ದೆ. ಇನ್ನು ಬರೆದೇ ಹೇಳೋಣ ಅಂತ ಕೂತಿದ್ದೇನೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಹೊಸಂಗಡಿಯಲ್ಲಿ ಸಣ್ಣದೊಂದು ಕಂಪ್ಯೂಟರ್ ತರಗತಿ ನಡೆಸುತ್ತೇನೆ. ಪ್ಲಸ್ ಟು ಮುಗಿಸಿದ ಮಕ್ಕಳು, ಹೆಚ್ಚಿನವರು ಕನ್ನಡ ಮಾಧ್ಯಮದವರು. ಲಿನಕ್ಸ್ ಸರ್ವರ್ ಕೆಲಸ ಕಲಿಸುತ್ತೇನೆ. ಜೂನ್ ಮೊದಲ ವಾರ ನಿಮ್ಮ ಮಂಗಳೂರು ಮಳಿಗೆಯಿಂದ 58,000 ರೂಪಾಯಿ ಕೊಟ್ಟು ಎರಡು ಪ್ರೊಸೆಸರ್, 64 ಜಿಬಿ ರ್‍ಯಾಮ್ ಇರುವ ಮಷೀನ್ ಕೊಂಡೆ. ಬಿಲ್ಲಿನಲ್ಲಿ ನಿಮ್ಮವರೇ ‘ವರ್ಚುವಲೈಸೇಷನ್‌ಗೆ ಸಿದ್ಧ’ ಅಂತ ಟೈಪ್ ಮಾಡಿದ್ದಾರೆ. ನಾನು ಹೇಳಿ ಬರೆಸಿದ್ದಲ್ಲ.

ನನ್ನ ಲೆಕ್ಕ ಸರಳ. ಹನ್ನೆರಡು ಮಕ್ಕಳಿಗೆ ಹನ್ನೆರಡು ವರ್ಚುವಲ್ ಮಷೀನ್, ಅಂದ್ರೆ ಒಂದೇ ಮಷೀನಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಬೇರೆ ಬೇರೆ ಕಂಪ್ಯೂಟರುಗಳು. ತಲೆಗೆ 4 ಜಿಬಿ ಅಂದ್ರೆ 48, ಉಳಿದ 16 ಹೋಸ್ಟ್‌ಗೆ, ಅಂದ್ರೆ ಅವನ್ನೆಲ್ಲ ಹೊತ್ತ ಮೂಲ ಮಷೀನ್‌ಗೆ. ಒಬ್ಬ ಹುಡುಗ ಎಲ್ಲ ಅಧಿಕಾರವಿರುವ ರೂಟ್ ಯೂಸರ್ ಆಗಿ ಇಡೀ ಡಿಸ್ಕ್ ಅಳಿಸಿಬಿಟ್ಟರೂ ಮೊದಲೇ ಉಳಿಸಿಟ್ಟ ಸ್ನ್ಯಾಪ್‌ಶಾಟ್‌ಗೆ ವಾಪಸ್ ಹೋದರಾಯ್ತು, ಪಕ್ಕದವನಿಗೆ ಗೊತ್ತೂ ಆಗುವುದಿಲ್ಲ. ಹಾಳು ಮಾಡಿಯೇ ಕಲಿಯಬೇಕಾದ ವಿದ್ಯೆ ಇದು. ಹನ್ನೆರಡು ಕಂಪ್ಯೂಟರ್ ಕೊಳ್ಳುವಷ್ಟು ದುಡ್ಡು ನನ್ನಲ್ಲಿಲ್ಲ.

ಉಬುಂಟು ಅನ್ನುವ ಲಿನಕ್ಸ್ ಹಾಕಿದೆ. ವರ್ಚುವಲ್ ಮಷೀನ್ ನಡೆಸುವ ಕ್ಯೂಎಮು, ಲಿಬ್‌ವರ್ಟ್, ವರ್ಟ್ ಮ್ಯಾನೇಜರ್ ಎಲ್ಲ ಹಾಕಿದೆ. ನನ್ನ ಯೂಸರನ್ನು ಲಿಬ್‌ವರ್ಟ್ ಗ್ರೂಪಿಗೆ ಸೇರಿಸಿ ಲಾಗ್‌ಔಟ್ ಆಗಿ ಬಂದೆ. ವರ್ಟ್ ಮ್ಯಾನೇಜರ್ ತೆರೆದರೆ ಹಳದಿ ಎಚ್ಚರಿಕೆ: ಕೆವಿಎಂ ಸಿಗುತ್ತಿಲ್ಲ, ನಿಮ್ಮ ವರ್ಚುವಲ್ ಮಷೀನ್‌ಗಳು ನಿಧಾನವಾಗಬಹುದು ಅಂತ. ಕೆವಿಎಂ ಅಂದ್ರೆ ಪ್ರೊಸೆಸರಿನ ನೆರವಿನಿಂದ ವರ್ಚುವಲ್ ಮಷೀನ್ ಓಡಿಸುವ ಲಿನಕ್ಸಿನ ಭಾಗ. ‘ನಿಧಾನವಾಗಬಹುದು’ ಅನ್ನೋದು ಮರ್ಯಾದೆಯ ಮಾತು. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ ಒಂದೇ ಒಂದು ಇನ್‌ಸ್ಟಾಲ್, ಊಟ ಮುಗಿಸಿ ಬಂದರೂ ಫೈಲ್ ಕಾಪಿ ಮಾಡುತ್ತಲೇ ಇತ್ತು. ಪ್ರೊಸೆಸರಿನ ನೆರವು ಸಿಗದಿದ್ದರೆ ಹಾಗೇ ಆಗುವುದು. ಒಳಗಿನ ವರ್ಚುವಲ್ ಮಷೀನ್‌ನ ಪ್ರತಿಯೊಂದು ಸೂಚನೆಯನ್ನೂ ಕ್ಯೂಎಮು ಸಾಫ್ಟ್‌ವೇರಿನಲ್ಲೇ ಅನುವಾದ ಮಾಡುತ್ತಾ ಕೂರಬೇಕು.

ಕಾರಣ ಹುಡುಕಲು ಐದು ನಿಮಿಷವೂ ಬೇಕಾಗಲಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್‌ನ ಲಾಗ್‌ನಲ್ಲೇ ಬರೆದಿದೆ: ವಿಎಂಎಕ್ಸ್, ಡಿಸೇಬಲ್ಡ್ ಬೈ ಬಯೋಸ್. ಅಂದ್ರೆ ಪ್ರೊಸೆಸರಿನಲ್ಲಿ ವರ್ಚುವಲ್ ಮಷೀನ್‌ಗೆ ನೆರವಾಗುವ ಇಂಟೆಲ್‌ನ ವಿಟಿ ಸೌಲಭ್ಯ (ಲಾಗ್‌ನ ವಿಎಂಎಕ್ಸ್ ಅದೇ) ಇದೆ, ಮಷೀನ್ ಆನ್ ಆದಾಗ ಮೊದಲು ಓಡುವ ಬಯೋಸ್‌ನ ಸೆಟ್ಟಿಂಗಿನಲ್ಲಿ ಆಫ್ ಮಾಡಿಟ್ಟಿದ್ದಾರೆ. ಒಳಗೆ ಹೋಗಿ ಆನ್ ಮಾಡಿ, ಪೂರ್ತಿ ಪವರ್ ತೆಗೆದು ಮತ್ತೆ ಹಾಕಿದರೆ ಕೆಲಸ ಮುಗಿಯಿತು. ಆದರೆ ಬಯೋಸ್‌ಗೆ ಹೋಗಲು ಪಾಸ್‌ವರ್ಡ್ ಕೇಳುತ್ತದೆ. ನಾನು ಇಟ್ಟ ಪಾಸ್‌ವರ್ಡ್ ಅಲ್ಲ. ಬೋರ್ಡಿನ ಜಂಪರ್ ತೆಗೆದು ಅಳಿಸಬಹುದೇನೋ. ಆದರೆ ಕ್ಯಾಬಿನೆಟ್ ಮೇಲೆ ನಿಮ್ಮ ಬೆಳ್ಳಿ ಬಣ್ಣದ ಸ್ಟಿಕ್ಕರ್ ಇದೆ, ಬಿಚ್ಚಿದರೆ ವಾರಂಟಿ ಇಲ್ಲ. ಬೀಗ ನಿಮ್ಮದು, ಸೀಲೂ ನಿಮ್ಮದು, ಮನೆ ಮಾತ್ರ ನನ್ನದು!

ಇನ್ನು ಫೋನಿನ ಕಥೆ. ಕನ್ನಡಕ್ಕೆ ಎರಡು ಒತ್ತಿ ಅಂದರು, ಒತ್ತಿದೆ. ಪಿನ್‌ಕೋಡ್ ಕೇಳಿದರು. 671ರಿಂದ ಶುರುವಾಗುತ್ತದೆ ಅಂದ ಕೂಡಲೇ ಕರೆ ಮಲಯಾಳಂ ವಿಭಾಗಕ್ಕೆ ಹೋಯಿತು. ನನಗೆ ಮಲಯಾಳಂ ಚೆನ್ನಾಗಿಯೇ ಬರುತ್ತದೆ, ಅದೇನೂ ತಕರಾರಲ್ಲ. ಆ ಕಡೆಯ ಹುಡುಗ ಪಾಪ ಒಳ್ಳೆಯವನು, ಆದರೆ ಬಿಲ್ ಮಂಗಳೂರಿನದು ಅಂತ ನೋಡಿ ಮತ್ತೆ ಕರ್ನಾಟಕಕ್ಕೆ ದಾಟಿಸಿದ. ಅವರು ಮತ್ತೆ ಪಿನ್‌ಕೋಡ್ ಕೇಳಿದರು. 1956ರಲ್ಲಿ ರಾಜ್ಯ ಹಂಚಿದವರು ನಮ್ಮನ್ನು ಒಂದು ಸಲ ಕೇರಳದ ಕಡೆ ಹಾಕಿ ಸುಮ್ಮನಾದರು. ನಿಮ್ಮ ಕಾಲ್ ಸೆಂಟರ್ ಒಂದೇ ಮಧ್ಯಾಹ್ನ ನಾಲ್ಕು ಸಲ ಗಡಿ ದಾಟಿಸಿತು. ಕೊನೆಗೆ ಗೊತ್ತಾದದ್ದೇನು ಅಂದ್ರೆ, ಮನೆ ಬಾಗಿಲ ಸೇವೆ ಕರ್ನಾಟಕದೊಳಗೆ ಮಾತ್ರ. ಬೀದರಿನಲ್ಲಿದ್ದರೆ ಬರುತ್ತಾರಂತೆ. ನಿಮ್ಮ ಮಳಿಗೆಯಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಮಂಜೇಶ್ವರ ‘ಹೊರ ರಾಜ್ಯ’. ಮಾರುವಾಗ ಈ ಹೊರ ರಾಜ್ಯದವನ ದುಡ್ಡು ನಡೆಯಿತು, ಅಲ್ವಾ?

ಸರಿ, ನಾನೇ ತಂದೆ. ಜೂನ್ 24, ಜೋರು ಮಳೆ. ಮಷೀನನ್ನು ಎರಡು ಪ್ಲಾಸ್ಟಿಕ್ ಗೋಣಿಯಲ್ಲಿ ಸುತ್ತಿ, ನನ್ನ ವಿದ್ಯಾರ್ಥಿಯೊಬ್ಬನನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಎತ್ತಿ ನೋಡಿ ‘ಎಂತ ಮಾರಾಯ್ರೆ, ಅಕ್ಕಿಯಾ?’ ಅಂತ ಕೇಳಿ ಲಗೇಜ್ ಟಿಕೆಟ್ ಹರಿದ. ನಿಮ್ಮ ಕೌಂಟರಿನಲ್ಲಿ ಟೋಕನ್ 17. ಒಂದು ಗಂಟೆ ಹತ್ತು ನಿಮಿಷ ನಿಂತೆವು. ಕುರ್ಚಿ ನಾಲ್ಕೇ ಇವೆ, ಒಂದರ ಮೇಲೆ ಪ್ರಿಂಟರ್ ಇಟ್ಟಿದ್ದೀರಿ.

ನಮ್ಮ ಸರದಿ ಬಂತು. ಕೌಂಟರಿನವನು ಮಾನಿಟರ್ ಜೋಡಿಸಿ ಆನ್ ಮಾಡಿದ. ಉಬುಂಟುವಿನ ಪರದೆ ಬಂತು. ಅವನು ಹಿಂದಕ್ಕೆ ಸರಿದು ಹೇಳಿದ, ‘ವಿಂಡೋಸ್ ಎಲ್ಲಿ?’

‘ಇಲ್ಲ. ಇದು ಲಿನಕ್ಸ್.’

‘ಹಾಗಾದ್ರೆ ಅದೇ ಪ್ರಾಬ್ಲಂ ಸರ್.’

ನಾನು ಬಯೋಸ್ ಪಾಸ್‌ವರ್ಡ್ ಕೊಡಿ, ಎರಡು ನಿಮಿಷದ ಕೆಲಸ ಅಂದೆ. ಅವನು ಟೀ ಗ್ಲಾಸನ್ನು ನನ್ನ ಮಷೀನಿನ ಮೇಲಿಟ್ಟ. ಗ್ಲಾಸಿನ ತಳ ಒದ್ದೆ ಇತ್ತು. ಆ ಉಂಗುರದ ಕಲೆ ಇನ್ನೂ ಇದೆ. ಮತ್ತೆ ಬೆಂಗಳೂರಿನ ಸೀನಿಯರ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಯಾಕೆ ಸ್ಪೀಕರಿಗೆ ಹಾಕಿದ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಹಿಂದೆ ಎಂಟು ಹತ್ತು ಜನ ನಿಂತಿದ್ದರು.

‘ಯಾವ ಕಸ್ಟಮರ್ ಅದು?’

‘ಕಾಸರಗೋಡು ಸೈಡ್‌ನವರು ಸರ್. ಎಂಥದ್ದೋ ವರ್ಚುವಲ್ ಅಂತಾರೆ.’

‘ವರ್ಚುವಲ್ ಮಷೀನಾ? ಅದು ಸಾಫ್ಟ್‌ವೇರು, ನಮಗೆ ಬರಲ್ಲ. ಲಿನಕ್ಸ್ ಹಾಕಿದ್ರೆ ವಿಟಿ ತಾನಾಗೇ ಆಫ್ ಆಗುತ್ತೆ ಅಂತ ಹೇಳು.’

ಹಾಗೆ ಆಗೋದಿಲ್ಲ ಸರ್, ಕೆವಿಎಂ 2007ರಿಂದ ಲಿನಕ್ಸ್ ಕರ್ನಲ್‌ನ ಒಳಗೇ ಇದೆ, ಆಫ್ ಮಾಡಿರುವುದು ಬಯೋಸ್ ಅಂತ ನಾನು ಫೋನಿಗೆ ಬಗ್ಗಿ ಹೇಳಿದೆ. ಆ ಕಡೆ ಒಂದು ಕ್ಷಣ ಸುಮ್ಮನಾಯಿತು. ಮತ್ತೆ ಆ ಮಹಾನುಭಾವರು ಹೇಳಿದ್ದು ಹೀಗೆ: ‘ಅಲ್ಲಿ ಯಾರಾದ್ರೂ ಕಂಪ್ಯೂಟರ್ ಗೊತ್ತಿರೋರು ಬಂದಿದ್ದಾರಾ ಕೇಳು. ಅವರ ಹತ್ರ ಮಾತಾಡ್ತೀನಿ.’

ಯಾರೋ ನಕ್ಕರು. ನನ್ನ ಪಕ್ಕ ನಿಂತಿದ್ದ ಹುಡುಗ ತಲೆ ತಗ್ಗಿಸಿ ಗೋಣಿ ಮಡಚತೊಡಗಿದ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದ. ಆ ಹುಡುಗ ಹೈಸ್ಕೂಲಿನಿಂದಲೂ ಲಿನಕ್ಸ್ ನೋಡಿ ಬೆಳೆದವನು. ಕೇರಳದ ಸರಕಾರಿ ಶಾಲೆಯ ಲ್ಯಾಬುಗಳಲ್ಲಿ ಅದೇ ಇರುವುದು. ಶಾಲೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಸರಕಾರದ ಕೈಟ್ ಸಂಸ್ಥೆಯವರು ಉಬುಂಟುವಿನಿಂದಲೇ ಕಟ್ಟಿಕೊಟ್ಟಿದ್ದಾರೆ. ನಿಮ್ಮ ಸೀನಿಯರ್ ಕೇಳಿದ ‘ಕಂಪ್ಯೂಟರ್ ಗೊತ್ತಿರೋರು’ ಆ ಕೌಂಟರಿನಲ್ಲಿ ಇಬ್ಬರು ಇದ್ದೆವು. ಇಬ್ಬರೂ ಹೊರಗಡೆ ನಿಂತಿದ್ದೆವು, ಅಷ್ಟೇ.

ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲವಂತೆ. ಇಟ್ಟವರು ಕೆಲಸ ಬಿಟ್ಟಿದ್ದಾರಂತೆ. ಕೌಂಟರಿನವನು ಓಡುತ್ತಿದ್ದ ಮಷೀನಿನ ವಯರನ್ನು ಹಾಗೇ ಕಿತ್ತ. ಶಟ್‌ಡೌನ್ ಅನ್ನೋ ಪದ್ಧತಿಯೂ ಲಿನಕ್ಸಿನವರಿಗೆ ಮಾತ್ರ ಇರಬೇಕು. ಜಾಬ್ ಶೀಟಿನಲ್ಲಿ ಬರೆದದ್ದು: ‘ದೋಷ ಕಂಡುಬಂದಿಲ್ಲ. ಗ್ರಾಹಕರಿಗೆ ಬಳಕೆಯ ಅರಿವಿಲ್ಲ.’ ಪರೀಕ್ಷೆಯ ಚಾರ್ಜ್ 500, ಜಿಎಸ್‌ಟಿ ಸೇರಿ 590. ಕೊಟ್ಟೆ. ಕೊಡದಿದ್ದರೆ ಮಷೀನ್ ಕೊಡುವುದಿಲ್ಲ ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗ ಗಡಿಯ ತಲಪಾಡಿ ತನಕ ಮಾತಾಡಲಿಲ್ಲ. ಆಮೇಲೆ ‘ಸರ್, ನಾಳೆ ಕ್ಲಾಸ್ ಉಂಟಾ?’ ಅಂತ ಕೇಳಿದ.

ಆ ಮೇಲೆ ನಾನು ಮೂರು ಇಮೇಲ್ ಕಳಿಸಿದೆ. ಮೂರಕ್ಕೂ ಒಂದೇ ಉತ್ತರ, ‘ನಿಮ್ಮ ಮಾತು ನಮಗೆ ಅಮೂಲ್ಯ.’ ಈಗ ಈ ಸ್ಟಾರ್ ಮೆಸೇಜ್.

ನಿಮ್ಮದೇ ವಾರಂಟಿ ಕಾರ್ಡಿನ ನಾಲ್ಕನೇ ಸಾಲು ನಿಮಗೆ ಗೊತ್ತೇ ಇದೆ. ಬಿಲ್ಲಿನಲ್ಲಿ ಹೇಳಿದ ಗುಣ ಮಷೀನಿನಲ್ಲಿ ಇಲ್ಲದಿದ್ದರೆ 30 ದಿನದೊಳಗೆ ಬದಲಿ ಅಥವಾ ಹಣ ವಾಪಸ್. ನಾನು ಮೊದಲು ಫೋನ್ ಮಾಡಿದ್ದು ಕೊಂಡ ಏಳನೇ ದಿನ. ಹತ್ತು ದಿನದೊಳಗೆ ಬಯೋಸ್ ಪಾಸ್‌ವರ್ಡ್ ತೆಗೆದುಕೊಡಿ, ಆ 590 ವಾಪಸ್ ಕೊಡಿ, ಜಾಬ್ ಶೀಟಿನ ಆ ಎರಡನೇ ವಾಕ್ಯ ಹೊಡೆದು ಹಾಕಿ ಸಹಿ ಮಾಡಿ. ಇಲ್ಲವಾದರೆ ಮಷೀನ್ ತೆಗೆದುಕೊಂಡು 58,000 ಕೊಡಿ. ನಿಜ ಹೇಳಬೇಕಂದ್ರೆ ನನಗೆ ಈಗ ದುಡ್ಡಿಗಿಂತ ಆ ವಾಕ್ಯವೇ ಜಾಸ್ತಿ ಚುಚ್ಚುತ್ತಿದೆ.

ಆಗದಿದ್ದರೆ, ಒಂದು ವಿಷಯ ತಿಳಿಸಿಬಿಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ದೂರು ಕೊಡುವವನು ತಾನು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಐದು ಲಕ್ಷದೊಳಗಿನದ್ದಕ್ಕೆ ಶುಲ್ಕವೂ ಇಲ್ಲ. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವವನೂ ಗ್ರಾಹಕನೇ, ಹಾಗಾಗಿ ‘ವ್ಯಾಪಾರಕ್ಕೆ ಕೊಂಡದ್ದು’ ಅಂತ ಜಾರಿಕೊಳ್ಳಲು ನೋಡಬೇಡಿ. ನಿಮ್ಮ ಎಂಜಿನಿಯರ್ ತಲಪಾಡಿ ದಾಟುವುದಿಲ್ಲ, ಒಪ್ಪಿದೆ. ಕಾಸರಗೋಡಿನ ಗ್ರಾಹಕ ಆಯೋಗದ ನೋಟಿಸು ಆರಾಮಾಗಿ ದಾಟುತ್ತದೆ. ವಿಚಾರಣೆಗೆ ಬರುವಾಗ ಆ ಬೆಂಗಳೂರಿನ ಸೀನಿಯರನ್ನೇ ಕಳಿಸಿ. ಜೊತೆಗೆ ಕಂಪ್ಯೂಟರ್ ಗೊತ್ತಿರೋರು ಯಾರಾದ್ರೂ ಇದ್ದರೆ ಅವರನ್ನೂ.

ಬಿಲ್, ಜಾಬ್ ಶೀಟ್, ಕರ್ನಲ್ ಲಾಗ್‌ನ ಪ್ರಿಂಟ್ ಮತ್ತು ಬಸ್ಸಿನ ಲಗೇಜ್ ಟಿಕೆಟಿನ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಮೂಲ ಪ್ರತಿಗಳು ನನ್ನ ಹತ್ತಿರವೇ ಇರುತ್ತವೆ.

ಇತಿ,
ಟೋಕನ್ 17
ಹೊಸಂಗಡಿ, ಮಂಜೇಶ್ವರ