ಭಾನುವಾರ ಸಂಜೆ ಕಲ್ಲಿನ ಹಾಡು
ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಆನ್‌ಲೈನಲ್ಲಿ ಸೇರೋಣ. ಇಟಲಿಯ ಸಾರ್ಡೀನಿಯಾ ದ್ವೀಪದ ಶಿಲ್ಪಿ ಪಿನುಚ್ಚೊ ಶೋಲಾ ಅವರ ಹಾಡುವ ಕಲ್ಲುಗಳ ವಿಡಿಯೋ ನೋಡುತ್ತೇವೆ. ಅವರು ಅಲ್ಲಿನ ಸ್ಯಾನ್ ಸ್ಪೆರಾತೆ ಊರಿನವರು, 2016ರಲ್ಲಿ ತೀರಿಕೊಂಡರು.

ಸುಣ್ಣಕಲ್ಲು, ಬಸಾಲ್ಟ್ ಬಂಡೆಗಳಲ್ಲಿ ಸಾಲು ಸಾಲಾಗಿ ಆಳವಾದ ಸೀಳು ಕೊಯ್ಯುತ್ತಿದ್ದರು. ಬಡಿಯುವುದೇ ಬೇಡ. ಅಂಗೈಯಿಂದಲೋ ಚಿಕ್ಕ ಕಲ್ಲಿನಿಂದಲೋ ಮೆಲ್ಲಗೆ ಸವರಿದರೆ ಬಂಡೆ ಗುಂಯ್‌ಗುಡುತ್ತದೆ. ಸುಣ್ಣಕಲ್ಲಿನ ದನಿಯಂತೂ ಥೇಟ್ ನೀರಿನದ್ದೇ! ಹಂಪಿಯ ವಿಠ್ಠಲ ದೇವಸ್ಥಾನದ ಕಂಬಗಳು ನೆನಪಾಗುತ್ತವೆ, ಅಲ್ವಾ? ಅವನ್ನು ಈಗ ಮುಟ್ಟುವ ಹಾಗಿಲ್ಲ. ಇವು ಮುಟ್ಟಲೆಂದೇ ಮಾಡಿದವು.

ಇಯರ್‌ಫೋನ್ ಮರೆಯಬೇಡಿ. ಮೊಬೈಲ್ ಸ್ಪೀಕರಲ್ಲಿ ಆ ದನಿ ಸತ್ತೇ ಹೋಗುತ್ತದೆ. ಕೈಗೆ ಸಿಕ್ಕ ಎರಡು ಬೆಣಚುಕಲ್ಲು ಪಕ್ಕದಲ್ಲಿಟ್ಟುಕೊಳ್ಳಿ, ಕೊನೆಗೆ ನಾವೂ ಸುಮ್ನೆ ಉಜ್ಜಿ ನೋಡೋಣ. ಲಿಂಕ್ 5:45ಕ್ಕೆ ಇಲ್ಲೇ ಹಾಕುತ್ತೇನೆ.