ಟಪಾಲು ವಿಮಾನದ ನಕ್ಷೆಯಲ್ಲಿ ಬಳ್ಳಾರಿ ಎಲ್ಲಿ?

ಮಾನ್ಯ ಸಂಪಾದಕರೇ,

ಮುಂಬಯಿಯ ವಿಮಾನಯಾನದ ಮೊದಲ ದಿನಗಳನ್ನು ಕುರಿತ ಪ್ರದರ್ಶನವನ್ನು ತಮ್ಮ ಪತ್ರಿಕೆ ಅಷ್ಟೊಂದು ಹೊಗಳಿದ್ದನ್ನು ನಂಬಿ, ಮೊನ್ನೆ ಭಾನುವಾರ ಡೊಂಬಿವಲಿಯಿಂದ ಹೊರಟು, ದಾದರಿನಲ್ಲಿ ಲೋಕಲ್ ಬದಲಿಸಿ, ಪಾರ್ಲೆಯಲ್ಲಿ ಮೂವರು ರಿಕ್ಷಾದವರಿಂದ ಬೇಡವೆನ್ನಿಸಿಕೊಂಡು, ನೋಯುವ ಮೊಣಕಾಲಿನಲ್ಲೇ ನಡೆದು ಅಲ್ಲಿಗೆ ತಲುಪಿದೆ. ಬಾಗಿಲಲ್ಲಿ ನನ್ನ ಛತ್ರಿಯನ್ನು ಕಿತ್ತಿಟ್ಟುಕೊಂಡು ಮುಕ್ಕಾಲು ಗಂಟೆ ನಿಲ್ಲಿಸಿದರು. ಒಳಗೆ ಹೋಗಿ ನೋಡಿದರೆ, 1932ರ ಟಪಾಲು ವಿಮಾನದ ನಕ್ಷೆಯಲ್ಲಿ ಮುಂಬಯಿಯಿಂದ ಮದರಾಸಿಗೆ ನೇರ ಗೀಟು ಎಳೆದಿದ್ದಾರೆ. ನಡುವೆ ಬಳ್ಳಾರಿಯೇ ಇಲ್ಲ!

ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತಂದ ಟಪಾಲನ್ನು ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಅಹಮದಾಬಾದಿನ ಮೇಲೆ ಮುಂಬಯಿಯ ಜುಹು ನಿಲ್ದಾಣಕ್ಕೆ ತಂದರು. ಅಹಮದಾಬಾದಿನಲ್ಲಿ ಪೆಟ್ರೋಲಿನ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಜುಹುವಿನಿಂದ ಮುಂದಕ್ಕೆ ಹಾರಿಸಿದ, ಟಾಟಾ ಅವರ ಜೊತೆಗಾರ ನೆವಿಲ್ ವಿನ್ಸೆಂಟ್, ಆಗ ಮದರಾಸು ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಯಲ್ಲಿ ರಾತ್ರಿ ತಂಗಿ ಮದರಾಸು ಸೇರಿದರು. ಇದನ್ನು ಅಲ್ಲಿದ್ದ ಯುವಕನಿಗೆ ಹೇಳಿದರೆ, "ಬಳ್ಳಾರಿಯಲ್ಲಿ ವಿಮಾನ ಎಲ್ಲಿತ್ತು, ಕಾಕಾ?" ಎಂದು ನಕ್ಕು ಮೊಬೈಲಿಗೆ ಮರಳಿದ.

ಜುಹುವಿನ ಫಲಕವಂತೂ ಇನ್ನೂ ಸೊಗಸು. 1928ರಲ್ಲಿ ಶುರುವಾದ ಆ ನಿಲ್ದಾಣಕ್ಕೆ "ಸುಸಜ್ಜಿತ ರನ್‌ವೇ" ಇತ್ತಂತೆ! ಕಡಲ ಪಕ್ಕದ ಆ ಕೆಸರು ಬಯಲು ಮಳೆಗಾಲದಲ್ಲಿ ನೀರಲ್ಲಿ ಮುಳುಗಿ, ಟಪಾಲು ವಿಮಾನಗಳು ಪುಣೆಗೆ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಅಂದಿನವರಿಗೆ ಪುಣೆಯಾದರೂ ಇತ್ತು. ನಮ್ಮ ಬೀದಿಯಲ್ಲಿ ನೀರು ನಿಂತರೆ ನಾವು ಎಲ್ಲಿಗೆ ಹಾರಬೇಕೆಂದು ಅಧಿಕಾರಿಗಳಿಗೆ ಬರೆದ ಅರ್ಜಿಗಳಿಗೆ ಈವರೆಗೂ ಉತ್ತರ ಬಂದಿಲ್ಲ. ಅಂದು ಕರಾಚಿಯಿಂದ ಹೊರಟ ಪತ್ರ ಮರುದಿನ ಮದರಾಸಿನಲ್ಲಿರುತ್ತಿತ್ತು. ಹೋದ ತಿಂಗಳು ಬಳ್ಳಾರಿಯಿಂದ ನನ್ನ ತಂಗಿ ಕಳಿಸಿದ ಶೇಂಗಾ ಚಟ್ನಿಪುಡಿ ನನ್ನ ಕೈಸೇರಲು ಹನ್ನೊಂದು ದಿನ ಹಿಡಿಯಿತು. ತಂದವರು ಯಾರೆಂದು ನಾನು ಹೇಳುವುದಿಲ್ಲ, ಅವರಿಗೇ ಗೊತ್ತು.

ಆ ನಕ್ಷೆಯನ್ನು ತಿದ್ದಲಿ, ಇಲ್ಲವೇ ಕಿತ್ತು ಹಾಕಲಿ. ತಿದ್ದುವ ಮುನ್ನ ಅದನ್ನು ಬರೆದವರನ್ನು ಒಮ್ಮೆ ಬಳ್ಳಾರಿಗೆ ಕಳಿಸಲಿ, ವಿಮಾನದಲ್ಲಲ್ಲ, ರಾತ್ರಿ ಬಸ್ಸಿನ ಹಿಂದಿನ ಸೀಟಿನಲ್ಲಿ. ತಮ್ಮ ವರದಿಗಾರರೂ ಫಲಕಗಳನ್ನು ಓದಿ ಬರೆಯುವುದು ಒಳ್ಳೆಯದು. ಅಂದಹಾಗೆ, ಹೊರಬರುವಾಗ ನನಗೆ ಮರಳಿಸಿದ ಛತ್ರಿ ನನ್ನದಲ್ಲ, ಅದಕ್ಕೆ ಎರಡು ಕಡ್ಡಿಗಳೂ ಇಲ್ಲ.

ಇತಿ,
ಬಳ್ಳಾರಿ ಮೂಲದ ಓದುಗ, ಡೊಂಬಿವಲಿ