ರಾತ್ರಿ ಮೂರು ಗಂಟೆಯ ಹರಟೆಗೆ

ನಿನ್ನೆ ಪುಟ್ಟಿಗೆ ಒಂದು ವರ್ಷ ತುಂಬಿತು. ಕೇಕ್ ಕತ್ತರಿಸಿದ್ದು ಅವಳ ಅಜ್ಜಿ. ಪುಟ್ಟಿ ಮಾತ್ರ ಕ್ರೀಮಿಗೆ ಕೈ ಹಾಕಿ, ಆ ಕೈಯನ್ನು ನೆಟ್ಟಗೆ ಬೆಕ್ಕಿನ ಬೆನ್ನಿಗೆ ಒರೆಸಿದಳು. ಫೋಟೋ ಗ್ರೂಪಿಗೆ ಹಾಕಿ ಎರಡು ನಿಮಿಷ ಆಗಿರಲಿಲ್ಲ, ಎಲ್ಲರೂ ಹಾಜರ್. "ಮಂಡಕ್ಕಿಗೆ ಸ್ನಾನ ಮಾಡಿಸಿದ್ರೇನು?" ಅನ್ನೋದು ಮೊದಲ ಪ್ರಶ್ನೆ. ಮಂಡಕ್ಕಿ ಅಂದರೆ ನಮ್ಮ ಬೆಕ್ಕು. ಹುಟ್ಟುಹಬ್ಬದ ಹುಡುಗಿಯನ್ನು ಯಾರೂ ಕೇಳಲೇ ಇಲ್ಲ.

ಗ್ರೂಪಿನಲ್ಲೇ ಥ್ಯಾಂಕ್ಸ್ ಹೇಳಿದರೆ ಒಂದು ಸ್ಟಿಕರ್ ಹಾಕಿ ಮಾತು ಹಾರಿಸಿಬಿಡುತ್ತೀರಿ. ಅದಕ್ಕೇ ಇಲ್ಲಿ, ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಹೆಸರು ಬರೆಯಲ್ಲ, ಬರೆದರೆ ಬೈತೀರಿ. ಹೇಗೂ ಊರಿನ ಹೆಸರಲ್ಲೇ ಕರೆದು ರೂಢಿ ಅಲ್ವಾ.

ನಾವು ಹನ್ನೊಂದು ಜನ 2020ರ ಲಾಕ್‌ಡೌನ್ ಹೊತ್ತಿನಲ್ಲಿ ಒಂದು ಆನ್‌ಲೈನ್ ಕಥಾ ಕಮ್ಮಟದಲ್ಲಿ ಸಿಕ್ಕವರು. ಕಮ್ಮಟ ಮೂರು ದಿನಕ್ಕೆ ಮುಗಿಯಿತು, ಹರಟೆ ಮುಗಿಯಲಿಲ್ಲ. ಇವರಲ್ಲಿ ನಾಲ್ಕು ಜನರ ಮುಖ ಇವತ್ತಿಗೂ ನಾನು ಎದುರಿಗೆ ಕಂಡಿಲ್ಲ. ಆದರೆ ಅವರ ಮನೆ ಕುಕ್ಕರ್ ಎಷ್ಟು ಸಲ ಕೂಗುತ್ತೆ ಅಂತ ಗೊತ್ತು.

ಕೊಪ್ಪಳದಲ್ಲಿ ಗವಿಮಠದ ತೇರು ಎಳೆದ ಮರುದಿನ ನನಗೆ ನೀರು ಹೋಗೋಕೆ ಶುರುವಾಯಿತು. ಬಸುರಾಗಿ ಇನ್ನೂ 32 ವಾರ. ಊರ ತುಂಬ ಜಾತ್ರೆ ಜನ, ದಾಸೋಹಕ್ಕೆ ರೊಟ್ಟಿ ಹೊತ್ತು ತಂದಿದ್ದ ಟ್ರ್ಯಾಕ್ಟರ್‌ಗಳು. ಅದರ ನಡುವೆ ಆಂಬುಲೆನ್ಸ್ ಹುಬ್ಬಳ್ಳಿ ರಸ್ತೆ ಹಿಡಿಯೋದರೊಳಗೆ ನನ್ನ ಗಂಡ ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತು ಮುಗಿಸಿದ್ದರು. ಅದೇ ರಾತ್ರಿ ಪುಟ್ಟಿ ಬಂದಳು. ಒಂದು ಕೆಜಿ 450 ಗ್ರಾಂ. ಸಂತೆಯಲ್ಲಿ ಬದನೆಕಾಯಿನೂ ನಾವು ಇದಕ್ಕಿಂತ ಜಾಸ್ತಿ ತರುತ್ತೇವೆ.

26 ದಿನ ಅವಳು ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ ಇದ್ದಳು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಮಾತ್ರ ಬೇಡ. ಅವಳಿಗಿನ್ನೂ ಚೀಪೋದು ಬರುತ್ತಿರಲಿಲ್ಲ. ಚೀಪೋದು, ನುಂಗೋದು, ಉಸಿರಾಡೋದು ಮೂರೂ ಒಟ್ಟಿಗೆ ಹೊಂದಿಕೊಳ್ಳೋಕೆ ಬಸುರಿನ ಲೆಕ್ಕದಲ್ಲಿ ಸುಮಾರು 34 ವಾರ ಆಗಬೇಕಂತೆ. ಅಲ್ಲಿ ತನಕ ಮೂಗಿನ ನಳಿಕೆಯಲ್ಲೇ ಹಾಲು. ನಾನು ಎರಡೆರಡೂವರೆ ತಾಸಿಗೊಮ್ಮೆ ಎದ್ದು, ಕೈಯಲ್ಲಿ ಹಿಂಡಿ, ಸಿಸ್ಟರ್ ಕೈಗೆ ಕೊಡಬೇಕು. ಮೊದಲ ರಾತ್ರಿ ಮೂರು ಗಂಟೆಗೆ ಅರ್ಧ ತಾಸು ಹಿಂಡಿದ ಮೇಲೆ ಸ್ಟೀಲ್ ಬಟ್ಟಲಿನ ತಳದಲ್ಲಿ ಮೂರು ಎಂಎಲ್ ಇತ್ತು. ಬಟ್ಟಲು ಓರೆ ಮಾಡಿದರೆ ಒಂದು ಕಡೆ ಬಂದು ನಿಲ್ಲುತ್ತಿತ್ತು, ಅಷ್ಟೇ. ಅದರ ಫೋಟೋ ತೆಗೆದು ಗ್ರೂಪಿಗೆ ಹಾಕಿ, "ಇಷ್ಟೇ" ಅಂತ ಬರೆದೆ.

ತೋರಣಗಲ್ಲು ಅಣ್ಣ ಸ್ಟೀಲ್ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್. ಅವರು ಧೈರ್ಯ ಹೇಳಲಿಲ್ಲ. ತಮ್ಮ ಚಹಾ ಲೋಟದ ಫೋಟೋ ಹಾಕಿದರು. "ನಮ್ಮ ಕ್ಯಾಂಟೀನ್‌ನ್ಯಾಗೂ ಇಷ್ಟೇ ಕೊಡ್ತಾರವ್ವ."

ಪುಟ್ಟಿ ಹುಟ್ಟಿದ ಮೇಲೆ ನಾನು ಮೊದಲ ಸಲ ನಕ್ಕಿದ್ದು ಆಗಲೇ. ಪಕ್ಕದ ಮಂಚದಾಕೆ ಎದ್ದು ನೋಡಿದಳು.

ಆಮೇಲೆ ಅದೇ ಚಾಳಿ ಆಯಿತು. ಅವರ ಗೇಟಿನ ಹತ್ತಿರ ಒಂದು ಬೀದಿನಾಯಿ ಐದು ಮರಿ ಹಾಕಿತ್ತು. ದಿನಾ ರಾತ್ರಿ ಮೂರಕ್ಕೆ ಮರಿಗಳ ವರದಿ. "ಇವತ್ತು ನಿನ್ನ ಮಗಳು ಎಷ್ಟು? 20 ಗ್ರಾಂ? ನಮ್ಮ ಕರಿಯ ಒಂದು ಪ್ಯಾಕ್ ಬಿಸ್ಕೀಟ್ ತಿಂದು ಕುಂತಾನ, ಅವನನ್ನ ಮುಟ್ಟೋಕ ಆಗಂಗಿಲ್ಲ ಬಿಡು." ನ್ಯೂಜೆರ್ಸಿ ಅಕ್ಕನಿಗೆ ಆಗ ಸಂಜೆ ನಾಲ್ಕೂವರೆ. ಮಕ್ಕಳನ್ನು ಸ್ಕೂಲಿಂದ ಕರೆತಂದು, ಹೊರಗಿನ ಹಿಮ ಬೈಯುತ್ತಾ, ರೊಟ್ಟಿಗೆ ಹಿಟ್ಟು ನಾದುತ್ತಾ ವಾಯ್ಸ್ ಮೆಸೇಜ್ ಕಳಿಸೋರು. ರೊಟ್ಟಿ ಬಡಿಯೋ ಸದ್ದು ಕೇಳಿಸಿಕೊಂಡೇ ನಾನು ಹಾಲು ಹಿಂಡುತ್ತಿದ್ದೆ. ಆ ಸದ್ದಿಗೆ ಹಾಲು ಜಾಸ್ತಿ ಬರುತ್ತಿತ್ತು ಅಂದರೆ ಡಾಕ್ಟರು ನಂಬಲಿಕ್ಕಿಲ್ಲ. ಬರುತ್ತಿತ್ತು.

ಹಾಗಂತ ಬರೀ ತಮಾಷೆ ಅಲ್ಲ. ಐದನೇ ದಿನ ಪುಟ್ಟಿಯ ತೂಕ 1310ಕ್ಕೆ ಇಳಿದಾಗ ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ರಾಯಚೂರು ಅಕ್ಕ ಮಕ್ಕಳ ವಾರ್ಡಿನಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಸ್ಸಿನಿಂದಲೇ ಫೋನ್ ಮಾಡಿದರು. "ಅದು ಮೈಯಾಗಿನ ನೀರು ಹೋಗೋದು. ತಿಂಗಳು ತುಂಬದ ಕೂಸುಗಳು ಮೊದಲ ವಾರದಾಗ ಇಳಿದೇ ಇಳೀತಾವ. ಎರಡು ವಾರಕ್ಕ ಹುಟ್ಟಿದ ತೂಕಕ್ಕ ಬರ್ತಾಳ, ಬರೆದಿಟ್ಕೋ." ಬರೆದಿಟ್ಟುಕೊಂಡೆ. ಹದಿಮೂರನೇ ದಿನಕ್ಕೆ ಬಂದಳು. ಎದೆಗೆ ಮೈಗೆ ಮೈ ತಾಗಿಸಿ ಇಟ್ಟುಕೊಳ್ಳೋ ಕಾಂಗರೂ ಆರೈಕೆಗೆ ನನ್ನ ಗಂಡನನ್ನೂ ಕೂರಿಸಿದವರು ಇವರೇ. ಅಪ್ಪನೂ ಮಾಡಬಹುದು ಅಂತ ನಮಗೇನು ಗೊತ್ತಿತ್ತು? ಈ ಮನುಷ್ಯ ಅಂಗಿ ಗುಂಡಿ ಬಿಚ್ಚಿ, ಟೊಪ್ಪಿಗೆ ಹಾಕಿದ ಮಗಳನ್ನು ಎದೆಗೆ ಕಟ್ಟಿಕೊಂಡು, ಎರಡು ತಾಸು ಕೆಮ್ಮದೆ ಕೂತಿದ್ದರು.

ಇನ್ನೊಂದು ಮಾತು, ಇದನ್ನು ಬೇರೆ ತಾಯಂದಿರೂ ಓದಲಿ ಅಂತ ಬರೆಯುತ್ತಿದ್ದೇನೆ. ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ಪರೀಕ್ಷೆ ಅಂತ ಒಂದು ಸಾಲಿತ್ತು. ಮನೆಗೆ ಹೋಗೋ ಖುಷಿಯಲ್ಲಿ ನಾವು ಓದಲೇ ಇಲ್ಲ. ಇಷ್ಟು ಬೇಗ, ಇಷ್ಟು ಕಡಿಮೆ ತೂಕಕ್ಕೆ ಹುಟ್ಟಿದ ಮಕ್ಕಳಿಗೆ ಕಣ್ಣಿನ ಒಳಗೆ ಹಿಂಭಾಗದ ರಕ್ತನಾಳಗಳು ಸರಿಯಾಗಿ ಬೆಳೆಯದೆ ತೊಂದರೆ ಆಗಬಹುದು. ಹೊರಗಿನಿಂದ ನೋಡಿದರೆ ಏನೂ ಕಾಣಲ್ಲ. ಹುಟ್ಟಿ 30 ದಿನದೊಳಗೆ ತೋರಿಸಲೇಬೇಕು. ರಾಯಚೂರು ಅಕ್ಕ ಚೀಟಿಯ ಫೋಟೋ ಕೇಳಿ ತರಿಸಿಕೊಂಡು, ಆ ಸಾಲಿಗೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು. 29ನೇ ದಿನ ತೋರಿಸಿದೆವು. ಕಣ್ಣು ಚೆನ್ನಾಗಿವೆ.

ಇನ್ನು ಮಂಡಕ್ಕಿ ವಿಷಯ. ನಾನು ಬಸುರಿ ಅಂದ ತಕ್ಷಣ ನಮ್ಮ ಅತ್ತೆ "ಬೆಕ್ಕನ್ನ ಗುಡ್ಡಕ್ಕ ಬಿಟ್ಟು ಬಾ" ಅಂತ ಹಟ ಹಿಡಿದಿದ್ದರು. ಸಿಂಧನೂರು ಅಣ್ಣ ದನದ ಡಾಕ್ಟರು. ಅವರು ಅತ್ತೆಗೆ ನೇರ ಫೋನ್ ಹಚ್ಚಿ, "ಯವ್ವಾ, ತೊಂದರಿ ಇರೋದು ಬೆಕ್ಕಿನ ಹೇಲಿನಾಗ, ಬೆಕ್ಕಿನಾಗಲ್ಲ" ಅಂದರು. ಅದರಲ್ಲಿ ಇರಬಹುದಾದ, ಹೊಟ್ಟೆಯ ಕೂಸಿಗೆ ತೊಂದರೆ ಕೊಡೋ ಟಾಕ್ಸೋಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿ ಹೊರಗೆ ಬಿದ್ದ ಮೇಲೆ ಇನ್ನೊಬ್ಬರಿಗೆ ತಗಲೋ ಹಾಗಾಗಲು ಒಂದು ದಿನವಾದರೂ ಬೇಕು. ದಿನಾ ಬಳಿದು ಹಾಕಿದರೆ ಮುಗೀತು, ಬಸುರಿ ಆ ಕೆಲಸ ಮಾಡಬಾರದು, ಸೊಪ್ಪು ಚೆನ್ನಾಗಿ ತೊಳೀರಿ, ಮಾಂಸ ಅರೆಬೆಂದದ್ದು ತಿನ್ನಬೇಡಿ. ಅತ್ತೆ ಎಲ್ಲ ಕೇಳಿ, "ಹಂಗಾದ್ರ ನನ್ನ ಮಗ ಬಳೀತಾನ ಬಿಡು" ಅಂದರು. ಅವನು ಬಳಿದ. ನಾನು ಹುಬ್ಬಳ್ಳಿಯಲ್ಲಿದ್ದಾಗ ಇದೇ ಅತ್ತೆ ಬೆಕ್ಕಿಗೆ ಮೊಸರನ್ನ ಕಲಸಿಟ್ಟು, ಅದು ತಿನ್ನೋ ವಿಡಿಯೋ ಕಳಿಸುತ್ತಿದ್ದರು. ಈಗ ಇಬ್ಬರದೂ ಒಂದೇ ಪಾರ್ಟಿ.

ಕೆಲಸ ಉಳಿದದ್ದೂ ನಿಮ್ಮಿಂದಲೇ. ಭಾಗ್ಯನಗರದ ಒಂದು ಕೂದಲಿನ ಘಟಕದಲ್ಲಿ ನಾನು ಲೆಕ್ಕ ಬರೆಯೋಳು. ಸಿಕ್ಕು ಬಿಡಿಸಿ, ಇಂಚಿನ ಪ್ರಕಾರ ಕಟ್ಟಿದ ಕೂದಲು ಎಷ್ಟು ಬಂತು, ಎಷ್ಟು ಹೋಯಿತು ಅಂತ. ಮಾಲೀಕರು "ಮೂರು ತಿಂಗಳು ಸಾಕಲ್ಲವಾ" ಅಂದರು. ಬಳ್ಳಾರಿ ತಂಗಿ ವಕೀಲೆ. ಹೆರಿಗೆ ರಜೆಯ ಕಾನೂನಿಗೆ 2017ರ ತಿದ್ದುಪಡಿ ಆದಮೇಲೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಅಂತ ಅವಳೇ ತಿಳಿಸಿದ್ದು. ಅದರಲ್ಲೇ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾಗಿದ್ದ ಎಂಟು ವಾರ ನಾನು ಮುಟ್ಟಿರಲಿಲ್ಲ, ಅದೂ ಆಮೇಲಕ್ಕೆ ಸಿಗುತ್ತದೆ ಅಂದಳು. ಪತ್ರ ನಾನು ಬರೆದೆ. ಕಥೆಗಾರರ ಕೈಗೆ ಅರ್ಜಿ ಸಿಕ್ಕರೆ ಏನಾಗುತ್ತೆ ಅಂತ ಅವತ್ತು ನೋಡಬೇಕಿತ್ತು. ಒಬ್ಬರು ಮೂರು "ದಯವಿಟ್ಟು"ಗಳಲ್ಲಿ ಎರಡನ್ನು ತೆಗೆದರು. ಇನ್ನೊಬ್ಬರು "ಆರಂಭ ಎಳೆದಾಡಿದೆ" ಅಂದರು. ಕೊನೆಗೆ ಆರು ಸಾಲು ಉಳಿಯಿತು. ಮಾಲೀಕರು ಓದಿ, ಸುಮ್ನೆ ಸಹಿ ಹಾಕಿದರು.

ನ್ಯೂಜೆರ್ಸಿ ಅಕ್ಕನ ತಾಯಿ ಕುಷ್ಟಗಿಯಿಂದ ಕಳಿಸಿದ ಕೌದಿಯನ್ನು ಮರೆತರೆ ಪಾಪ. ಹಳೇ ಇಳಕಲ್ ಸೀರೆಯ ತುಂಡುಗಳ ನಡುವೆ ಯಾರದೋ ಶಾಲೆಯ ಅಂಗಿಯ ತುಂಡು, ಅದರ ಜೇಬು ಹಾಗೇ ಇದೆ. ಪುಟ್ಟಿ ನಿದ್ದೆ ಬಂದಾಗ ಆ ಜೇಬಿನೊಳಗೆ ಬೆರಳು ತೂರಿಸುತ್ತಾಳೆ. ಅಮ್ಮಾ, ಮೊನ್ನೆ ಅದರಲ್ಲಿ ಅರ್ಧ ತುಂಡು ರೊಟ್ಟಿ ಸಿಕ್ಕಿತು.

ಅವಳಿನ್ನೂ ನಡೆಯುತ್ತಿಲ್ಲ. ಬಂದವರೆಲ್ಲ ಕೇಳುತ್ತಾರೆ. ಹೆರಿಗೆ ಆಗಬೇಕಿದ್ದ ದಿನದಿಂದ ಎಣಿಸಬೇಕು, ಆ ಲೆಕ್ಕಕ್ಕೆ ಅವಳಿಗೆ ಈಗ ಹತ್ತು ತಿಂಗಳು ಅಂತ ರಾಯಚೂರು ಅಕ್ಕ ಕಲಿಸಿದ್ದನ್ನು ನಾನು ಒಪ್ಪಿಸುತ್ತೇನೆ. ಲಸಿಕೆಗೆ ಮಾತ್ರ ಹುಟ್ಟಿದ ದಿನದ್ದೇ ಲೆಕ್ಕ. ಮಂಚ ಹಿಡಿದು ನಿಲ್ಲುತ್ತಾಳೆ. ಬೆಕ್ಕಿನ ಬಾಲ ಹಿಡಿದೂ ನಿಲ್ಲೋಕೆ ನೋಡುತ್ತಾಳೆ.

ಒಂದು ವಿಷಯ ನನಗೆ ಗೊತ್ತಾಗಿಲ್ಲ ಅಂದುಕೊಂಡಿದ್ದೀರಿ. ಪ್ರತಿ ಭಾನುವಾರ ನಾವು ಬರೆದಿದ್ದು ಎಷ್ಟಾಯಿತು ಅಂತ ಒಬ್ಬರನ್ನೊಬ್ಬರು ಕೇಳೋ ಪದ್ಧತಿ ಇತ್ತಲ್ಲ, ಹೋದ ವರ್ಷ ನನ್ನ ಸರದಿ ಬಂದಾಗಲೆಲ್ಲ ಯಾರೋ ಒಬ್ಬರು ನಾಯಿಮರಿ ಫೋಟೋ ಹಾಕಿ ಮಾತು ತಿರುಗಿಸೋರು. ಒಂದು ಭಾನುವಾರವೂ ತಪ್ಪಿಲ್ಲ. ನನ್ನ ಕಥೆ ಆರನೇ ಪುಟದಲ್ಲಿ, ಬಾವಿಕಟ್ಟೆಯ ಮೇಲೆ ಕೂತ ಮುದುಕಿಯ ಹತ್ತಿರ ನಿಂತುಬಿಟ್ಟಿತ್ತು.

ಮೊನ್ನೆ ರಾತ್ರಿ ಪುಟ್ಟಿ ಮಲಗಿದ ಮೇಲೆ ಮುದುಕಿಯನ್ನು ಎಬ್ಬಿಸಿದೆ. ಏಳನೇ ಪುಟ ಅರ್ಧ ಆಗಿದೆ. ಈ ಭಾನುವಾರ ಕೇಳಿ.